ರುದ್ರಪಟ್ಟಣದ ತಂಬೂರಿ, ಬೆಂಗಳೂರಿನ ಡಬ್ಬಿ, ಜಪಾನಿನ ಗೇಮ್ ಬಾಯ್

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋಗಿದ್ದರೆ ನೀವು ಅದನ್ನು ನೋಡದೇ ಬಂದಿರಲಿಕ್ಕಿಲ್ಲ. ಕಾವೇರಿ ದಡದ ಆ ಊರಲ್ಲಿ ತಂಬೂರಿಯ ಆಕಾರದ ಒಂದು ಗುಡಿ ಇದೆ. ಹೆಸರು ಸಪ್ತಸ್ವರ ದೇವತಾ ಧ್ಯಾನ ಮಂದಿರ. ಕಟ್ಟಿಸಿದ್ದು ಅದೇ ಊರಿನ ವಿದ್ವಾಂಸರಾದ ಆರ್.ಕೆ. ಪದ್ಮನಾಭ ಅವರು. ಆರ್.ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಇಲ್ಲೇ. ರುದ್ರಪಟ್ಟಣ ಸಹೋದರರ ಹೆಸರಲ್ಲೇ ಊರಿದೆ. ಒಂದು ಸಣ್ಣ ಹಳ್ಳಿಯಿಂದ ಇಷ್ಟು ಜನ ಹಾಡುಗಾರರು ಹೇಗೆ ಬಂದರು ಅನ್ನೋದು ಇನ್ನೊಂದು ದಿನದ ಮಾತು.

ಇವತ್ತಿನ ಮಾತು ತಂಬೂರಿಯದ್ದು. ಗುಡಿಗೆ ವೀಣೆ, ಮೃದಂಗ ಯಾವುದರ ಆಕಾರವನ್ನಾದರೂ ಕೊಡಬಹುದಿತ್ತು. ತಂಬೂರಿಯದ್ದೇ ಕೊಟ್ಟರು. ಯಾಕೆಂದರೆ ಉಳಿದೆಲ್ಲ ಅದರ ಮೇಲೆ ನಿಲ್ಲುತ್ತವೆ. ಅದು ರಾಗ ನುಡಿಸೋಲ್ಲ, ತಾಳ ಹಾಕೋಲ್ಲ. ಹಾಡುವವರಿಗೆ ನೆಲ ಎಲ್ಲಿದೆ ಅಂತ ಹೇಳುತ್ತಾ ಕೂತಿರುತ್ತೆ, ಅಷ್ಟೇ.

ಆದರೆ ಇವತ್ತು ಹಾಸನದಲ್ಲೋ ಹೊಳೆನರಸೀಪುರದಲ್ಲೋ ಯಾವುದಾದರೂ ಸಂಗೀತ ಪಾಠದ ಮನೆಗೆ ಹೋಗಿ ನೋಡಿ. ತಂಬೂರಿ ಮೂಲೆಯಲ್ಲಿ ಗವಸು ಹಾಕಿಕೊಂಡು ನಿಂತಿರುತ್ತೆ, ಇದ್ದರೆ. ಶ್ರುತಿ ಬರುತ್ತಿರುವುದು ಒಂದು ಚಿಕ್ಕ ಡಬ್ಬಿಯಿಂದ ಅಥವಾ ಮೊಬೈಲಿನಿಂದ. ಮನುಷ್ಯನ ಎದೆಯೆತ್ತರದ ವಾದ್ಯ ಕೈಚೀಲಕ್ಕೆ ಇಳಿದದ್ದು ಹೇಗೆ? ಈ ಕಥೆಯಲ್ಲಿ ಹಾರ್ಮೋನಿಯಂ ಬರುತ್ತೆ, ಮೈಸೂರಿನ ಒಬ್ಬ ಪ್ರೊಫೆಸರ್ ಬರುತ್ತಾರೆ, ಮಕ್ಕಳ ಆಟದ ಸಾಮಾನೂ ಬರುತ್ತೆ.

ಮೊದಲು ತಂಬೂರಿಯನ್ನೇ ಸ್ವಲ್ಪ ನೋಡೋಣ. ನಾಲ್ಕು ತಂತಿ. ಮೊದಲನೆಯದು ಪಂಚಮ, ಮಧ್ಯದ ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಪ-ಸ-ಸ-ಸ ಅಂತ ಬೆರಳು ಎಳೆಯುತ್ತಾ ಹೋಗಬೇಕು. ತಂತಿ ಕೂರುವ ಕುದುರೆ ಚೂಪಾಗಿಲ್ಲ, ಚಪ್ಪಟೆಯಾಗಿ ಅಗಲವಾಗಿದೆ. ಅದರ ಮೇಲೆ, ತಂತಿಯ ಕೆಳಗೆ, ಒಂದೆಳೆ ದಾರ ಸಿಕ್ಕಿಸುತ್ತಾರೆ. ಆ ದಾರವನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ ಸತ್ತಂತಿದ್ದ ತಂತಿ ಝೇಂಕರಿಸೋಕೆ ಶುರುಮಾಡುತ್ತೆ. ದಾರಕ್ಕೆ ‘ಜೀವ’ ಅನ್ನೋ ಹೆಸರು ಸುಮ್ಮನೆ ಬಂದದ್ದಲ್ಲ.

ಒಳ್ಳೆ ಶ್ರುತಿಯಲ್ಲಿರುವ ತಂಬೂರಿಗೆ ಕಿವಿಗೊಟ್ಟರೆ ಯಾರೂ ಮೀಟದ ಒಂದು ಸ್ವರ ಕೇಳುತ್ತೆ. ಅದು ಅಂತರ ಗಾಂಧಾರ. ತಂತಿ ಅಲುಗುವಾಗ ಪೂರ್ತಿ ಉದ್ದಕ್ಕೂ ಅಲುಗುತ್ತೆ, ಜೊತೆಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕಾಗಿ, ಐದಾಗಿಯೂ ಅಲುಗುತ್ತೆ. ಆ ಐದನೆಯದೇ ಗಾಂಧಾರ. ಈ ‘ಐದು’ ಅನ್ನೋ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ತಂಬೂರಿಯ ತೊಂದರೆಗಳೂ ಇದ್ದವು. ಬಸ್ಸಿನಲ್ಲಿ ಒಯ್ಯೋದು ಕಷ್ಟ. ಮಳೆಗಾಲದ ಥಂಡಿಗೆ, ಬೇಸಿಗೆಯ ಕಾವಿಗೆ ಶ್ರುತಿ ಇಳಿಯುತ್ತೆ, ಏರುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ಮೀಟೋಕೆ ಇನ್ನೊಬ್ಬರು ಬೇಕು. ಕಛೇರಿಯಲ್ಲಿ ಶಿಷ್ಯರು ಕೂರುತ್ತಿದ್ದರು. ಆದರೆ ಬೆಳಗಿನ ಜಾವ ಮನೆಯಲ್ಲಿ ಒಬ್ಬರೇ ಸಾಧನೆ ಮಾಡುವವರಿಗೆ ಯಾರು ಕೂರುತ್ತಾರೆ? ಭಜನೆ ಮಂಡಳಿಗೆ, ಹರಿಕಥೆ ದಾಸರಿಗೆ, ನಾಟಕದ ಕಂಪನಿಗೆ?

ಅವರಿಗೆಲ್ಲ ಮೊದಲು ಒದಗಿದ್ದು ಹಾರ್ಮೋನಿಯಂ ಮತ್ತು ಅದರ ತಮ್ಮನಂತಿರುವ, ತಿದಿ ಒತ್ತುವ ಶ್ರುತಿಪೆಟ್ಟಿಗೆ. ಹಾರ್ಮೋನಿಯಂ ನಮ್ಮದಲ್ಲ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡ್ರ್ ದೆಬೇನ್ ಅದಕ್ಕೆ ಪೇಟೆಂಟ್ ಪಡೆದ. ಅದು ಮೇಜಿನಷ್ಟು ದೊಡ್ಡದು, ಕುರ್ಚಿಯಲ್ಲಿ ಕೂತು ಎರಡೂ ಕಾಲಲ್ಲಿ ಗಾಳಿ ತುಂಬಬೇಕು, ಎರಡೂ ಕೈಯಲ್ಲಿ ನುಡಿಸಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮವರಿಗೆ ಅದು ಹೊಂದುತ್ತಿರಲಿಲ್ಲ. 1870ರ ದಶಕದಲ್ಲಿ ಕಲ್ಕತ್ತದ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿದರು ಅನ್ನಬಹುದು. ತಿದಿಯನ್ನು ಹಿಂದಕ್ಕೆ ತಂದು ಎಡಗೈಗೆ ಕೊಟ್ಟರು. ನಮ್ಮ ಸಂಗೀತದಲ್ಲಿ ಪಾಶ್ಚಾತ್ಯರ ಹಾಗೆ ಏಕಕಾಲಕ್ಕೆ ನಾಲ್ಕೈದು ಸ್ವರ ಒತ್ತೋದಿಲ್ಲ, ಹಾಗಾಗಿ ಒಂದು ಕೈ ಬಿಡುವಾಗಿದ್ದರೆ ನಷ್ಟವಿರಲಿಲ್ಲ. ಈಗ ‘ಮಾಡಿಫೈ’ ಅನ್ನುತ್ತೇವಲ್ಲ, ಬೈಕಿಗೆ ಸೈಲೆನ್ಸರ್ ಬದಲಿಸಿದ ಹಾಗೆ, ಅದನ್ನು ನಮ್ಮವರು ಸಂಗೀತದ ಯಂತ್ರಕ್ಕೆ ಮಾಡಿ ನೂರೈವತ್ತು ವರ್ಷವಾಯಿತು.

ಆದರೂ ಹಾರ್ಮೋನಿಯಂ ಬೈಸಿಕೊಂಡಿತು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಬಾನುಲಿಯಿಂದಲೇ ನಿಷೇಧಿಸಿತು. ಷರತ್ತಿನ ಮೇಲೆ ಒಳಗೆ ಬಿಟ್ಟದ್ದು 1971ರಲ್ಲಿ. ಮೂವತ್ತೊಂದು ವರ್ಷ! ರಾಜಕೀಯ ಕಾರಣಗಳಿದ್ದವು, ಪ್ರತಿಷ್ಠೆಯ ಕಾರಣಗಳೂ ಇದ್ದವು. ಆದರೆ ಒಂದು ಕಾರಣ ಲೆಕ್ಕದ್ದು, ಅದನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

ಹಾರ್ಮೋನಿಯಂನ ಮೊದಲ ಬಿಳಿ ಮನೆಯನ್ನು ಷಡ್ಜ ಅಂತ ಹಿಡಿಯಿರಿ. ಅದರ ಮಂದ್ರ ಸ್ಥಾಯಿಯಲ್ಲಿ ರೀಡು ಸೆಕೆಂಡಿಗೆ ಸುಮಾರು 130.8 ಸಲ ಅಲುಗುತ್ತೆ. ತಂಬೂರಿಯ ಮಂದ್ರ ತಂತಿಯನ್ನೂ ಅದೇ ಶ್ರುತಿಗೆ ಕೂಡಿಸಿದರೆ ಅದರೊಳಗಿಂದ ಬರುವ ಗಾಂಧಾರ ಇದರ ಐದರಷ್ಟು, ಅಂದರೆ 654. ಆದರೆ ಹಾರ್ಮೋನಿಯಂನಲ್ಲಿ ಅದೇ ಜಾಗದ ಗಾಂಧಾರದ ಮನೆ ಒತ್ತಿದರೆ ಬರೋದು 659. ಯುರೋಪಿನವರು ಯಾವ ಮನೆಯಿಂದ ಶುರುಮಾಡಿದರೂ ನಡೆಯಲಿ ಅಂತ ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿಕೊಂಡಿದ್ದಾರೆ, ಅದರ ಫಲ ಇದು. ತಂಬೂರಿ, ಹಾರ್ಮೋನಿಯಂ ಎರಡೂ ಒಟ್ಟಿಗೆ ನುಡಿದರೆ ಈ ಐದರ ವ್ಯತ್ಯಾಸ ಸೆಕೆಂಡಿಗೆ ಐದು ಸಲ ಕುಲುಕಿದ ಹಾಗೆ ಕಿವಿಗೆ ಬೀಳುತ್ತೆ. ಇನ್ನು ಗಮಕ ಅಂತೂ ಹಾರ್ಮೋನಿಯಂನಲ್ಲಿ ಆಗದ ಮಾತು. ಒಂದು ಮನೆಯಿಂದ ಇನ್ನೊಂದಕ್ಕೆ ಅದು ಜಿಗಿಯುತ್ತೆ, ಜಾರೋದಿಲ್ಲ.

ಹೊರಗಿನಿಂದ ಬಂದ ಯಂತ್ರ ಬಂದ ಹಾಗೇ ನಮ್ಮ ಶ್ರುತಿಗೆ ಕೂರುವುದಿಲ್ಲ. ಯಾರಾದರೂ ಅದರ ಮುಚ್ಚಳ ತೆಗೆಯಬೇಕು.

ಮುಚ್ಚಳ ತೆಗೆಯುವ ಜನ ನಮ್ಮ ಸೀಮೆಯಲ್ಲಿ ಕಡಿಮೆಯೇನಿರಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಮನಶ್ಶಾಸ್ತ್ರದ ಪ್ರೊಫೆಸರ್ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರಸಾರ ಯಂತ್ರ ಇಟ್ಟುಕೊಂಡು ರೇಡಿಯೊ ಕೇಂದ್ರ ಶುರುಮಾಡಿದರು. ಮೂವತ್ತು ವ್ಯಾಟ್ ಅಂದರೆ ಈಗ ಮನೆಯಲ್ಲಿ ಉರಿಸುವ ದೊಡ್ಡ ಎಲ್‌ಇಡಿ ಬಲ್ಬಿನಷ್ಟು! ಅದಕ್ಕಿಟ್ಟ ಹೆಸರು ಆಕಾಶವಾಣಿ, ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ರುದ್ರಪಟ್ಟಣದ ಶ್ರೀಕಂಠನ್ ಅವರು ಮುಂದೆ ವರ್ಷಗಟ್ಟಲೆ ದುಡಿದದ್ದೂ ಆಕಾಶವಾಣಿಯಲ್ಲೇ.

ಆಮೇಲೆ ಟ್ರಾನ್ಸಿಸ್ಟರ್ ಕಾಲ. ರೇಡಿಯೊ ರಿಪೇರಿ ಅಂಗಡಿಯಿಲ್ಲದ ಪೇಟೆಯೇ ಇರಲಿಲ್ಲ. ಕಾವಿದ ಕಾವಿಯಿಂದ ಏಳುವ ರಾಳದ ಹೊಗೆ, ಗೋಡೆ ತುಂಬ ಬಿಚ್ಚಿಟ್ಟ ಸೆಟ್ಟುಗಳು. ಬಿಡಿಭಾಗ ಬೇಕೆಂದರೆ ಚನ್ನರಾಯಪಟ್ಟಣದ ಮೇಲೆ ಹಾದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬರೋದು. 1982ರಲ್ಲಿ ಹಾಸನದಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಆಯಿತು, ಇನ್ಸಾಟ್ ಉಪಗ್ರಹಗಳನ್ನು ಸಂಭಾಳಿಸೋಕೆ. ಎಚ್‌ಎಎಲ್, ಬಿಇಎಲ್, ಇಸ್ರೋ ಇವೆಲ್ಲ ಸೇರಿ ಬೆಂಗಳೂರಿನ ಸುತ್ತಮುತ್ತ ಎಲೆಕ್ಟ್ರಾನಿಕ್ಸ್ ಬಲ್ಲ ಒಂದು ತಲೆಮಾರನ್ನೇ ಬೆಳೆಸಿದವು. ಅವರಲ್ಲಿ ಎಷ್ಟೋ ಮಂದಿ ಸಂಜೆ ಮನೆಗೆ ಹೋಗಿ ಹಾಡುವವರು, ನುಡಿಸುವವರು.

ಅಂಥವರಲ್ಲಿ ಒಬ್ಬರು ಜಿ. ರಾಜ್ ನಾರಾಯಣ್. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ನುಡಿಸುವವರು. 1979ರಲ್ಲಿ ಅವರು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಹೊರತಂದರು, ರೇಡೆಲ್ ಅನ್ನುವ ಕಂಪನಿ ಕಟ್ಟಿದರು. ಕರ್ನಾಟಕ ಸಂಗೀತದ ಮನೆಗಳಲ್ಲಿ ‘ರಾಗಿಣಿ’ ಅಂದರೆ ಹುಡುಗಿಯ ಹೆಸರಿಗಿಂತ ಮೊದಲು ಆ ಡಬ್ಬಿ ನೆನಪಾಗುವ ಕಾಲವೊಂದಿತ್ತು. ‘ತಾಲಮಾಲಾ’ ಅನ್ನೋದು ಅದೇ ಕಂಪನಿಯ ತಬಲಾ ಡಬ್ಬಿ.

ಆ ಡಬ್ಬಿಯ ಮುಖದ ಮೇಲೆ ಏನೇನಿತ್ತು ಅನ್ನೋದೇ ಅದು ಯಾರ ತಲೆಯಿಂದ ಬಂತು ಅಂತ ಹೇಳುತ್ತೆ. ಶ್ರುತಿ ಏರಿಸಿ ಇಳಿಸೋಕೆ ಒಂದು ತಿರುಗುಗುಬ್ಬಿ, ಸೂಕ್ಷ್ಮವಾಗಿ ಸರಿಪಡಿಸೋಕೆ ಇನ್ನೊಂದು. ಬೆರಳು ಎಷ್ಟು ನಿಧಾನಕ್ಕೆ ಎಳೆಯಬೇಕು ಅನ್ನೋದಕ್ಕೆ ಮತ್ತೊಂದು. ಮೊದಲ ತಂತಿ ಪಂಚಮವೋ, ಮಧ್ಯಮವೋ, ನಿಷಾದವೋ ಅಂತ ಆರಿಸೋಕೆ ಒಂದು ಸ್ವಿಚ್ಚು. ಪಂಚಮವಿಲ್ಲದ ಹಿಂದೋಳ ಹಾಡುವವರಿಗೆ ಮಧ್ಯಮ ಬೇಕು ಅನ್ನೋದು ವಿದೇಶದಲ್ಲಿ ಕೀಬೋರ್ಡ್ ಮಾಡುವ ಎಂಜಿನಿಯರಿಗೆ ಹೊಳೆಯೋ ಸಂಗತಿಯಲ್ಲ. ಹಾಡಿ, ನುಡಿಸಿ, ತೊಂದರೆಪಟ್ಟವರಿಗೆ ಮಾತ್ರ ಅದು ಹೊಳೆಯುತ್ತೆ.

ಆ ಕಾಲದ ಸರ್ಕ್ಯೂಟುಗಳಿಗೂ ಹವಾಮಾನದ ಕಾಟ ತಪ್ಪಲಿಲ್ಲ. ಹಳೇ ಕಾಲದ ಆಂದೋಲಕಗಳು ಕಾವಿಗೆ ಜಾರುತ್ತವೆ, ವೋಲ್ಟೇಜ್ ಕುಸಿದರೆ ಶ್ರುತಿಯೂ ಕುಸಿಯುವ ಭಯ. ನಮ್ಮ ಹಳ್ಳಿಗಳ ಸಂಜೆಯ ವೋಲ್ಟೇಜು ಗೊತ್ತಲ್ಲ, ಪಂಪ್‌ಸೆಟ್ ಶುರುವಾದರೆ ಬಲ್ಬು ಮಿಣುಕು ಹುಳ! ಮುಂದೆ ಡಿಜಿಟಲ್ ಚಿಪ್ಪು ಬಂದ ಮೇಲೆ ಶ್ರುತಿ ಒಂದೇ ಕಡೆ ನಿಂತಿತು. ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿಕೊಂಡು ಚಿಪ್ಪಿನಲ್ಲಿಟ್ಟ ಮೇಲೆ ಆ ‘ಜೀವ’ದ ಝೇಂಕಾರವೂ ಅಷ್ಟಿಷ್ಟು ಬಂತು.

ಇದರಿಂದ ಯಾರಿಗೆ ಏನಾಯಿತು? ಒಬ್ಬರೇ ಕೂತು ಸಾಧನೆ ಮಾಡುವ ಅವಕಾಶ ಸಿಕ್ಕಿತು, ಅದರಲ್ಲೂ ಮನೆಕೆಲಸದ ಮಧ್ಯೆ ಅರ್ಧ ಗಂಟೆ ಕದ್ದು ಹಾಡುವ ಹೆಂಗಸರಿಗೆ. ತಂಬೂರಿ ಕೊಳ್ಳಲಾಗದ ಮನೆಯ ಮಕ್ಕಳಿಗೂ ಶ್ರುತಿ ಸಿಕ್ಕಿತು. ನನ್ನ ಮಟ್ಟಿಗೆ ಇದು ಸಣ್ಣ ಲಾಭವಲ್ಲ. ಆದರೆ ವಿದ್ವಾಂಸರ ಬೆನ್ನ ಹಿಂದೆ ತಂಬೂರಿ ಹಿಡಿದು ಕೂರುವ ಜಾಗವೊಂದಿತ್ತು. ಗಂಟೆಗಟ್ಟಲೆ ಬಾಯಿ ಬಿಡದೆ ಅಲ್ಲಿ ಕೂತೇ ಎಷ್ಟೋ ಶಿಷ್ಯರು ಪಾಠ ಕಲಿತರು. ಡಬ್ಬಿ ಬಂದ ಮೇಲೆ ಆ ಜಾಗ ಖಾಲಿಯಾಯಿತು. ಹಲಸಿನ ಮರದಲ್ಲಿ ತಂಬೂರಿ ಕೆತ್ತುವವರಿಗೂ ಗಿರಾಕಿ ಕಮ್ಮಿಯಾದರು.

ಈಗ ಸ್ವಲ್ಪ ಜಪಾನಿಗೆ ಹೋಗಿ ಬರೋಣ. ನಮ್ಮ ಡಬ್ಬಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ, 1989ರ ಏಪ್ರಿಲ್‌ನಲ್ಲಿ, ನಿಂಟೆಂಡೊ ಕಂಪನಿ ಗೇಮ್ ಬಾಯ್ ಅನ್ನುವ ಕೈಯಲ್ಲಿ ಹಿಡಿಯುವ ಆಟದ ಯಂತ್ರ ಮಾರುಕಟ್ಟೆಗೆ ಬಿಟ್ಟಿತು. ಪರದೆಗೆ ಬಣ್ಣವಿಲ್ಲ, ಬೆಳಕೂ ಇಲ್ಲ. ನಾಲ್ಕು ಪೆನ್ಸಿಲ್ ಸೆಲ್ಲು. ಅದರ ಹಿಂದಿದ್ದ ಗುಂಪೈ ಯೊಕೊಯಿ ಅವರ ನಂಬಿಕೆ ಏನೆಂದರೆ ಹಳೆಯದಾದ, ಅಗ್ಗವಾದ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನೇ ಹೊಸ ಕೆಲಸಕ್ಕೆ ಹಚ್ಚಬೇಕು ಅಂತ. ಮುಂದೆ ಬಂದ ಬಣ್ಣದ ಗೇಮ್ ಬಾಯ್ ಸೇರಿ ಜಗತ್ತಿನಲ್ಲಿ 11 ಕೋಟಿಗೂ ಹೆಚ್ಚು ಮಾರಾಟವಾಯಿತು.

ಅದರೊಳಗೆ ನಾಲ್ಕು ದನಿಗಳಿವೆ. ಎರಡು ‘ಪೀಪೀ’ ಅನ್ನುವಂಥವು, ಒಂದು ನಮಗೆ ಬೇಕಾದ ಹಾಗೆ ಅಲೆಯ ಆಕಾರ ಬರೆದುಕೊಳ್ಳಬಹುದಾದದ್ದು, ಇನ್ನೊಂದು ಬರೀ ‘ಶ್ಶ್’ ಅನ್ನುವ ಸದ್ದು, ತಾಳಕ್ಕೆ ಆಗುತ್ತೆ. 1998ರಲ್ಲಿ ಜರ್ಮನಿಯ ಆಲಿವರ್ ವಿಟ್ಚೋ ಇದರಲ್ಲಿ ಸಂಗೀತ ಕಟ್ಟುವ ನ್ಯಾನೋಲೂಪ್ ಅನ್ನುವ ಪ್ರೋಗ್ರಾಂ ಮಾಡಿದ. ಸ್ವಲ್ಪ ಕಾಲಕ್ಕೇ ಸ್ವೀಡನ್ನಿನ ಯೋಹಾನ್ ಕೋಟ್ಲಿನ್ಸ್ಕಿ ‘ಎಲ್‌ಎಸ್‌ಡಿಜೆ’ ಮಾಡಿದ. ಆಟದ ಕ್ಯಾಸೆಟ್ ತೆಗೆದು ಇದನ್ನು ಸಿಕ್ಕಿಸಿದರೆ ಮಕ್ಕಳ ಆಟದ ಸಾಮಾನು ಪೂರ್ತಿ ಸಂಗೀತದ ಯಂತ್ರವಾಗುತ್ತೆ.

ಆಮೇಲೆ ಸ್ಕ್ರೂ ಬಿಚ್ಚುವುದು ಶುರುವಾಯಿತು. ಒಳಗಿನ ಅಗ್ಗದ ಆಂಪ್ಲಿಫೈಯರ್ ಗೊರಗೊರ ಅನ್ನುತ್ತಿತ್ತು. ಹಾಗಾಗಿ ಸದ್ದು ಅಲ್ಲಿಗೆ ಹೋಗುವ ಮೊದಲೇ, ವಾಲ್ಯೂಮ್ ಗುಬ್ಬಿಯ ಕಾಲಿಗೆ ವೈರು ಬೆಸೆದು, ಬೇರೆ ಜಾಕಿಗೆ ಎಳೆದುಕೊಂಡರು. ಪರದೆಯ ಹಿಂದೆ ಬೆಳಕಿನ ಹಾಳೆ ತೂರಿಸಿದರು. ಲಯ ಹಿಡಿಯುವ ಸ್ಫಟಿಕವನ್ನೇ ಬದಲಿಸಿ ಸ್ಥಾಯಿ ಕೆಳಗಿಳಿಸಿದರು. ಅಮೆರಿಕದಲ್ಲಿ ಇದಕ್ಕೂ ಹಿಂದೆ, 1960ರ ದಶಕದಲ್ಲೇ, ರೀಡ್ ಗಜಾಲಾ ಅನ್ನುವ ಹುಡುಗನ ಮೇಜಿನ ಡ್ರಾಯರಿನಲ್ಲಿ ಮುಚ್ಚಳವಿಲ್ಲದ ಚಿಕ್ಕ ಆಂಪ್ಲಿಫೈಯರೊಂದು ಲೋಹಕ್ಕೆ ತಾಗಿ, ಶಾರ್ಟ್ ಆಗಿ, ತನ್ನಷ್ಟಕ್ಕೆ ಹಾಡತೊಡಗಿತ್ತು. ಆತ ಅದನ್ನೇ ವಿದ್ಯೆ ಮಾಡಿಕೊಂಡ.

ಗೇಮ್ ಬಾಯ್ ತಂಬೂರಿ ಆಗಬಹುದೇ? ಲೆಕ್ಕ ಹಾಕಿದರೆ ಖುಷಿಯಾಗುತ್ತೆ. ಅದರ ಪೀಪೀ ದನಿಯ ಕಂಪನ ಬರೋದು 131072 ಅನ್ನುವ ಸಂಖ್ಯೆಯನ್ನು ನಾವು ಕೊಟ್ಟ ಒಂದು ಪೂರ್ಣಾಂಕದಿಂದ ಭಾಗಿಸಿ. 501ರಿಂದ ಭಾಗಿಸಿ ನೋಡಿ, 261.6 ಬರುತ್ತೆ. ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಮಧ್ಯ ಷಡ್ಜ ಅದೇ. ಇನ್ನೊಂದು ಪೀಪೀ ದನಿಗೆ 334 ಕೊಡಿ. 501ಕ್ಕೂ 334ಕ್ಕೂ ಇರುವ ಸಂಬಂಧ ಸರಿಯಾಗಿ ಮೂರಕ್ಕೆ ಎರಡು, ಕೂದಲೆಳೆ ವ್ಯತ್ಯಾಸವಿಲ್ಲದ ಶುದ್ಧ ಪಂಚಮ! ಅಲೆ ಬರೆಯುವ ಮೂರನೇ ದನಿಯಲ್ಲಿ ಭಾಗಿಸುವ ಸಂಖ್ಯೆ 65536, ಅಂದರೆ ಅರ್ಧ. ಅದಕ್ಕೂ 501 ಕೊಟ್ಟರೆ ತಾನಾಗೇ ಒಂದು ಸ್ಥಾಯಿ ಕೆಳಗಿನ ಮಂದ್ರ ಷಡ್ಜ, 130.8. ಪಂಚಮ, ಷಡ್ಜ, ಮಂದ್ರ ಷಡ್ಜ ಮೂರೂ ಕೂತವು. ಸಮನಾಗಿ ಹಂಚಿದ ಹಾರ್ಮೋನಿಯಂಗಿಂತ ಈ ಆಟದ ಸಾಮಾನಿನ ಪಂಚಮವೇ ತಂಬೂರಿಗೆ ಹತ್ತಿರ. ಆದರೆ ಇದು ತಾರ ಸ್ಥಾಯಿಗೆ ಹೋದಂತೆ ಕೆಡುತ್ತೆ. ಮೇಲೆ ಹೋದಷ್ಟೂ ಭಾಜಕ ಚಿಕ್ಕದಾಗುತ್ತೆ, ಒಂದೊಂದು ಹೆಜ್ಜೆಯೂ ದಾಪುಗಾಲಾಗುತ್ತೆ. ಶ್ರುತಿಗೆ ಸೈ, ರಾಗಕ್ಕೆ ಕಷ್ಟ.

ನಮ್ಮ ಹುಡುಗರ ಕೈಗೆ ಗೇಮ್ ಬಾಯ್ ಬಂದದ್ದು ಅಪರೂಪ. ಬಂದದ್ದು ರಾಮನಾಥಪುರದಂಥ ಜಾತ್ರೆಗಳಲ್ಲಿ ಮಾರುವ, ಮೇಲಿಂದ ಇಟ್ಟಿಗೆ ಬೀಳುವ ಆಟದ ಡಬ್ಬಿ. ‘9999 ಆಟ’ ಅಂತ ಮೇಲೆ ಬರೆದಿರೋದು, ಒಳಗೆ ಇರೋದು ಬೆರಳೆಣಿಕೆಯಷ್ಟೇ! ಅದನ್ನು ಬಿಚ್ಚಿದವರು ನಮ್ಮಲ್ಲೂ ಇದ್ದಾರೆ. ಬಿಚ್ಚಿದರೆ ಕಾಣೋದು ಒಂದು ಹಸಿರು ಹಲಗೆ, ಅದರ ಮಧ್ಯೆ ಡಾಂಬರಿನ ಹನಿಯಂತೆ ಕಪ್ಪು ಗುಬಟು. ಚಿಪ್ಪು ಆ ಗುಬಟಿನ ಕೆಳಗೆ, ಪ್ರೋಗ್ರಾಂ ಚಿಪ್ಪಿನೊಳಗೆ. ಕ್ಯಾಸೆಟ್ ಸಿಕ್ಕಿಸುವ ಕಿಂಡಿಯೇ ಇಲ್ಲ. ಜಾಣತನ ನಮ್ಮ ಹುಡುಗರಿಗೂ ಅಲ್ಲಿಯ ಹುಡುಗರಷ್ಟೇ ಇತ್ತು. ಅವರ ಯಂತ್ರಕ್ಕೆ ಕಿಂಡಿಯಿತ್ತು, ನಮ್ಮ ಕೈಗೆ ಬಂದದ್ದಕ್ಕೆ ಇರಲಿಲ್ಲ. ಕಿಂಡಿಯಿದ್ದ ಯಂತ್ರದಿಂದ ಒಂದು ಸಂಗೀತ ಹುಟ್ಟಿತು, ಮುಚ್ಚಿದ್ದು ಸೆಲ್ಲು ಸೋರಿ ಅಟ್ಟ ಸೇರಿತು.

ಯಂತ್ರ ಮಾಡಿದವರು ಎಣಿಸದ ಕೆಲಸಕ್ಕೆ ಅದನ್ನು ಹಚ್ಚಿದವರು ಇಂಡಿಯಾದಲ್ಲೂ ಇದ್ದರು. 1982ರಲ್ಲಿ ಬೊಂಬಾಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಮೂರು ರೋಲ್ಯಾಂಡ್ ಯಂತ್ರಗಳನ್ನಿಟ್ಟುಕೊಂಡು ಡಿಸ್ಕೊ ತಾಳಕ್ಕೆ ಹತ್ತು ರಾಗ ನುಡಿಸಿ ಒಂದು ರೆಕಾರ್ಡ್ ಮಾಡಿದರು. ಅದರಲ್ಲೊಂದು ಯಂತ್ರ ಟಿಬಿ-303. ಗಿಟಾರಿಗೆ ಮಂದ್ರದ ಸಾಥ್ ಕೊಡಲಿ ಅಂತ ಮಾಡಿದ್ದು, ಅಂಗಡಿಯಲ್ಲಿ ಓಡಲೇ ಇಲ್ಲ. ಆದರೆ ಅದಕ್ಕೆ ಒಂದು ಗುಣವಿತ್ತು, ಸ್ವರದಿಂದ ಸ್ವರಕ್ಕೆ ಜಾರುತ್ತಿತ್ತು. ಹಾರ್ಮೋನಿಯಂ ಮಾಡಲಾಗದ್ದು ಅದೇ ತಾನೆ? ಆ ರೆಕಾರ್ಡ್ ಆಗ ಯಾರಿಗೂ ಬೇಕಾಗಲಿಲ್ಲ. ಕೆಲವೇ ವರ್ಷದಲ್ಲಿ ಅಮೆರಿಕದ ಶಿಕಾಗೊ ಹುಡುಗರು ಅದೇ ಯಂತ್ರದಿಂದ ಹೊಸ ಕುಣಿತದ ಸಂಗೀತ ಕಟ್ಟಿದರು. 2010ರಲ್ಲಿ ರೆಕಾರ್ಡ್ ಮತ್ತೆ ಅಚ್ಚಾದಾಗ ಜಗತ್ತು ಹುಬ್ಬೇರಿಸಿ ಕೇಳಿತು.

ನಮ್ಮ ಕಡೆ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ಬಂದದ್ದು ಬೇರೆ ದಾರಿಯಲ್ಲಿ. ‘ಕ್ಯಾಸಿಯೊ’ ಅಂದರೆ ಯಾವ ಕಂಪನಿಯದ್ದಾದರೂ ಸರಿ, ಕೀಬೋರ್ಡ್ ಅಂತಲೇ ಅರ್ಥ. ಯಮಹಾ ಕಂಪನಿ ಮುಂದೆ ಇಂಡಿಯಾಕ್ಕೆಂದೇ ತಬಲಾ, ಶಹನಾಯಿ ತುಂಬಿದ ಮಾದರಿಗಳನ್ನು ತಂದಿತು. ಎಡಗೈ ಚಕ್ರ ತಿರುಗಿಸಿ ಗಮಕ ಬರಿಸುವುದನ್ನು ನಮ್ಮ ವಾದ್ಯಗಾರರು ತಾವೇ ಕಲಿತರು. ದ್ವಾರಕಾನಾಥರು ತಿದಿಗೆ ಕೊಟ್ಟ ಎಡಗೈ ಈಗ ಚಕ್ರಕ್ಕೆ ಬಂತು, ನೋಡಿ.

ಮೊಬೈಲ್ ಆ್ಯಪ್‌ನ ತಂಬೂರಿ ನಾದದಲ್ಲಿ ಹಳೇ ಡಬ್ಬಿಗಿಂತ ಚೆನ್ನಾಗಿರಬಹುದು, ಖರ್ಚೂ ಕಡಿಮೆ. ಅಡ್ಡಿಯಿಲ್ಲ, ಬಳಸಿ. ಆದರೆ ಕಛೇರಿಯ ನಡುವೆ ಫೋನ್ ಬಂದರೆ ಶ್ರುತಿ ನಿಲ್ಲುತ್ತೆ. ಅದು ಕೆಟ್ಟರೆ ಬಿಚ್ಚಿ ನೋಡೋಕೆ ಒಳಗೆ ಏನೂ ಇಲ್ಲ. ಕೆಳಗಿನ ಸ್ವರ ಅದರ ಪುಟಾಣಿ ಸ್ಪೀಕರಿನಲ್ಲಿ ಬರೋದೂ ಇಲ್ಲ.

ಹಾಗಾಗಿ ಅಟ್ಟದ ಮೇಲೆ ಹಳೇ ಶ್ರುತಿ ಡಬ್ಬಿ ಇದ್ದರೆ ಗುಜರಿಗೆ ಹಾಕಬೇಡಿ. ಮೊದಲು ಪ್ಲಗ್ ಕೀಳಿ. ಸೆಲ್ಲು ಸೋರಿ ಹಸಿರು ಹಿಡಿದಿದ್ದರೆ ಬಟ್ಟೆಗೆ ಸ್ವಲ್ಪ ನಿಂಬೆರಸ ಹಚ್ಚಿ ತಗಡನ್ನು ಒರೆಸಿ, ಆಮೇಲೆ ಚೆನ್ನಾಗಿ ಒಣಗಿಸಿ. ಗುಬ್ಬಿ ತಿರುಗಿಸಿದಾಗ ಕರಕರ ಅಂದರೆ ಒಳಗೆ ಧೂಳು ಕೂತಿದೆ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದು ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿ. ಕರೆಂಟಿಗೆ ಹಾಕಿದಾಗ ಶ್ರುತಿಯ ಕೆಳಗೆ ‘ಗುಂಯ್’ ಅಂತ ಇನ್ನೊಂದು ಸದ್ದು ಬಂದರೆ ಬಹುತೇಕ ಕೆಪಾಸಿಟರ್ ಹೋಗಿರುತ್ತೆ. ಅದು ಕೆಲವೇ ರೂಪಾಯಿಯ ಸಾಮಾನು, ಆದರೆ ಕರೆಂಟಿನ ಭಾಗಕ್ಕೆ ನೀವೇ ಕೈ ಹಾಕಬೇಡಿ. ಪೇಟೆಯಲ್ಲಿ ಇನ್ನೂ ಕಾವಿ ಬಿಸಿ ಮಾಡುವ ಒಬ್ಬರಾದರೂ ಇರುತ್ತಾರೆ, ಮೊಬೈಲ್ ಅಂಗಡಿಯ ಹಿಂದಿನ ಸಾಲಲ್ಲಿ ವಿಚಾರಿಸಿ. ರಿಪೇರಿಯಾದ ಮೇಲೆ ಹತ್ತು ನಿಮಿಷ ಹಾಗೇ ಬಿಡಿ. ಹಳೇ ಡಬ್ಬಿ ಬಿಸಿಯಾಗುವವರೆಗೆ ಶ್ರುತಿ ಕೊಂಚ ಜಾರುತ್ತೆ, ಆಮೇಲೆ ಸಣ್ಣ ಗುಬ್ಬಿಯಲ್ಲಿ ಸರಿ ಮಾಡಿಕೊಂಡು ಹಾಡೋಕೆ ಕೂರಿ.